"ಬಾಯಿ ಮಾತ್ರ ಆಡಿಸು": ಬೇಸಿಗೆ ಗಾಯನ ಶಿಬಿರದಲ್ಲಿ ಮೂವರು ಹುಡುಗರು ಹಾಡು ನಿಲ್ಲಿಸಿದ್ದು

ಶಿಬಿರದ ಮೂರನೇ ದಿನ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಹುಡುಗನಿಗೆ ನಾನು, "ನೀನು ಬಾಯಿ ಮಾತ್ರ ಆಡಿಸಪ್ಪ, ಸ್ವರ ಬಿಡಬೇಡ" ಅಂದೆ. ಹಾಲ್‌ನಲ್ಲಿದ್ದ ಎಲ್ಲರಿಗೂ ಕೇಳಿಸಿತು. ಕೆಲವರು ನಕ್ಕರು. ಅವನೂ ನಕ್ಕ. ಮಾರನೇ ದಿನ ಅವನು ಬರಲಿಲ್ಲ. ಅವನ ಪಕ್ಕ ಕೂರುತ್ತಿದ್ದ ಇನ್ನಿಬ್ಬರು ಬಂದರು, ಆದರೆ ಹಾಡಲಿಲ್ಲ. ಪುಸ್ತಕ ಹಿಡಿದು ತುಟಿ ಅಲ್ಲಾಡಿಸುತ್ತಾ ನಿಂತಿದ್ದರು.

ಅದು 2024ರ ಮೇ ತಿಂಗಳು. ಜಾಗ ಕ್ಯಾಥೋಲಿಕರ ಮೈಸೂರು ಧರ್ಮಕ್ಷೇತ್ರದ (ಡಯಾಸಿಸ್) ಒಂದು ಧರ್ಮಕೇಂದ್ರ, ಅಂದರೆ ಒಂದು ಊರಿನ ಚರ್ಚು. ಮಕ್ಕಳು ಚಿಕ್ಕವರು, ಹಾಗಾಗಿ ಊರಿನ ಹೆಸರು ಬೇಡ. ಪಾಸ್ಖ (ಈಸ್ಟರ್) ಹಬ್ಬ ಮುಗಿದಿತ್ತು, ಶಾಲೆಗೆ ರಜೆ ಇತ್ತು. ಮೇ 19ರ ಭಾನುವಾರ ಪೆಂತಕೋಸ್ತ್, ಅಂದರೆ ಪವಿತ್ರಾತ್ಮರ ಹಬ್ಬ. ಮೇ 8ಕ್ಕೆ ಶುರು ಮಾಡಿ, ನಡುವಿನ ಭಾನುವಾರ ಬಿಟ್ಟು ಹತ್ತು ದಿನ ಕಲಿಸಿ, ಹಬ್ಬದ ದೊಡ್ಡ ಪೂಜೆಯಲ್ಲಿ ಹಾಡಿಸುವುದು ಅಂತ ತೀರ್ಮಾನ ಆಯ್ತು. 12ರಿಂದ 17 ವಯಸ್ಸಿನ 34 ಮಕ್ಕಳು ಹೆಸರು ಕೊಟ್ಟರು. ಹುಡುಗಿಯರು 21, ಹುಡುಗರು 13.

ಹದಿಮೂರು ಹುಡುಗರು ಅಂದರೆ ನಮಗೆ ಹಬ್ಬವೇ. ನಮ್ಮ ಕ್ವಾಯರ್, ಅಂದರೆ ಚರ್ಚಿನ ಗಾಯನ ತಂಡ, ನಡೆಯುತ್ತಿರುವುದೇ ಹುಡುಗಿಯರಿಂದ. ಗಂಡುಮಕ್ಕಳು ಆರನೇ ಕ್ಲಾಸಿನ ತನಕ ಮುಂದಿನ ಸಾಲಲ್ಲಿ ನಿಂತು ಕಿರುಚಿ ಹಾಡುತ್ತಾರೆ. ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ. ಉಳಿದರೆ ಗಿಟಾರ್ ಹಿಡಿದು ಉಳಿಯುತ್ತಾರೆ, ಇಲ್ಲವೇ ಸೌಂಡ್ ಸಿಸ್ಟಮ್ ಪಕ್ಕ. ಇದಕ್ಕೆ ಕಾರಣ ಎಲ್ಲರ ಬಳಿಯೂ ರೆಡಿ ಇತ್ತು. ಮೊಬೈಲು, ಕ್ರಿಕೆಟ್ಟು, ಟ್ಯೂಷನ್ನು. ಭಕ್ತಿ ಕಡಿಮೆಯಾಗಿದೆ ಅಂತ ಫಾದರ್ ಹೇಳುತ್ತಿದ್ದರು. ನಾನೂ ತಲೆ ಆಡಿಸಿದ್ದೇನೆ.

ಇಲ್ಲೊಂದು ತಮಾಷೆ ಇದೆ. 1903ರ ನವೆಂಬರ್ 22, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಳ ಹಬ್ಬದ ದಿನ. ಅವತ್ತು ಜಗದ್ಗುರು (ಪೋಪ್) ಹತ್ತನೇ ಪಯಸ್ ಅವರು ಪೂಜೆಯ ಸಂಗೀತದ ಬಗ್ಗೆ ಹೊರಡಿಸಿದ ಆದೇಶದಲ್ಲಿ ಹೆಂಗಸರು ಕ್ವಾಯರಿನಲ್ಲಿ ಇರುವಂತಿಲ್ಲ, ಎತ್ತರದ ಸ್ವರ ಬೇಕಾದರೆ ಗಂಡುಹುಡುಗರಿಂದ ಹಾಡಿಸಿ ಅಂತಿತ್ತು. ನೂರಿಪ್ಪತ್ತು ವರ್ಷದಲ್ಲಿ ಎಲ್ಲ ತಲೆಕೆಳಗಾಗಿದೆ. ಈಗ ನಮ್ಮ ಊರಿನಲ್ಲಿ ಹುಡುಗಿಯರು ಒಂದು ವಾರ ರಜೆ ಹಾಕಿದರೆ ಪೂಜೆಯಲ್ಲಿ ಹಾಡೇ ಇರುವುದಿಲ್ಲ.

ಹಾಡಿನ ಆಯ್ಕೆ

ನನ್ನ ಮೊದಲ ತಪ್ಪು ನಡೆದದ್ದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪೆಂತಕೋಸ್ತ್ ಪೂಜೆಯಲ್ಲಿ ಬೈಬಲಿನ ಎರಡನೇ ವಾಚನ ಆದಮೇಲೆ, ಅಲ್ಲೆಲೂಯಕ್ಕೆ ಮುಂಚೆ, ಒಂದು ಉದ್ದನೆಯ ಸ್ತುತಿ ಬರುತ್ತದೆ. ಅದಕ್ಕೆ ಸೀಕ್ವೆನ್ಸ್ ಅಂತಾರೆ. ಮಧ್ಯಯುಗದಲ್ಲಿ ಹಬ್ಬಕ್ಕೊಂದರಂತೆ ಇಂಥವು ಎಷ್ಟೋ ಇದ್ದವು. 1570ರ ಪೂಜಾಗ್ರಂಥದಲ್ಲಿ ನಾಲ್ಕನ್ನು ಮಾತ್ರ ಉಳಿಸಿಕೊಂಡರು. ಇವತ್ತಿಗೆ ಕಡ್ಡಾಯವಾಗಿ ಇರಲೇಬೇಕಾದ್ದು ಎರಡೇ ದಿನ, ಪಾಸ್ಖ ಮತ್ತು ಪೆಂತಕೋಸ್ತ್. ಪೆಂತಕೋಸ್ತಿನದು 'ವೇನಿ ಸಾಂಕ್ತೆ ಸ್ಪಿರಿತುಸ್', 'ಪವಿತ್ರಾತ್ಮರೇ ಬನ್ನಿ' ಅಂತ ಅರ್ಥ. ಹತ್ತು ಚರಣ, ಒಂದೊಂದರಲ್ಲಿ ಮೂರು ಸಾಲು. ಇದನ್ನು ನಾವು ಪ್ರತಿ ವರ್ಷ ಓದಿ ಮುಗಿಸಿಬಿಡುತ್ತಿದ್ದೆವು. ಓದುವವರು ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಜನ ಫ್ಯಾನ್ ನೋಡುತ್ತಿರುತ್ತಾರೆ.

ಈ ಸಲ ಲಾಟಿನ್‌ನಲ್ಲೇ ಹಾಡಿಸೋಣ ಅಂದೆ. ಫಾದರ್ ಹುಬ್ಬೇರಿಸಿದರು. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ (ಜಗತ್ತಿನ ಬಿಷಪ್ಪರ ಸಭೆ) ಲಾಟಿನ್ ಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆದದ್ದರಿಂದಲೇ ತಾನೇ ನಾವು ಕನ್ನಡದಲ್ಲಿ ಪೂಜೆ ಕೇಳುತ್ತಿರುವುದು, ಮತ್ತೆ ಹಿಂದಕ್ಕೆ ಯಾಕೆ ಅಂದರು. ಅವತ್ತಿನ ಅದೇ ದಾಖಲೆಯಲ್ಲಿ ಗ್ರೆಗೋರಿಯನ್ ಗಾಯನಕ್ಕೆ, ಅಂದರೆ ಚರ್ಚಿನ ಹಳೆಯ ಲಾಟಿನ್ ಹಾಡುಗಾರಿಕೆಗೆ, ವಿಶೇಷ ಸ್ಥಾನ ಕೊಡಬೇಕು ಅಂತಲೂ ಇದೆ ಫಾದರ್ ಅಂದೆ. ಕನ್ನಡ ಅರ್ಥವನ್ನು ಮೊದಲು ಓದಿ, ಆಮೇಲೆ ಹಾಡುವುದು ಅಂತ ರಾಜಿಯಾಯಿತು. ಆರಾಧನೆಯ ಲಾಟಿನ್ ಹಾಡು ಇನ್ನೂ ಬಾಯಲ್ಲಿ ಉಳಿದಿರುವ ಒಂದಿಬ್ಬರು ಅಜ್ಜಿಯರಿಗಂತೂ ಇದರಿಂದ ಬಹಳ ಖುಷಿ.

ಮಕ್ಕಳಿಗೆ ಲಾಟಿನ್ ಕಷ್ಟ ಆಗಲೇ ಇಲ್ಲ. ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರೆ ಬರೆದ ಹಾಗೇ ಓದುತ್ತಾರೆ. ಇಂಗ್ಲಿಷ್ ಹಾಡಿಗಿಂತ ಇದೇ ಸಲೀಸು. ರಾಗವೂ ಪರಕೀಯ ಅನಿಸಲಿಲ್ಲ. ಅದರ ಸ್ವರಮಾಲೆ ಚರ್ಚಿನ ಹಳೆಯ ಹೆಸರಿನಲ್ಲಿ ಡೋರಿಯನ್. ನಮ್ಮ ಲೆಕ್ಕದಲ್ಲಿ ಖರಹರಪ್ರಿಯ ರಾಗದ ಸ್ವರಗಳೇ. ಗಮಕ ಇಲ್ಲ, ತಾಳ ಇಲ್ಲ, ಅಷ್ಟೇ ವ್ಯತ್ಯಾಸ. ಸಂಗೀತ ಕ್ಲಾಸಿಗೆ ಹೋಗುವ ಒಬ್ಬ ಹುಡುಗಿ ಎರಡನೇ ದಿನವೇ ಸ್ವರ ಹಾಕಿಕೊಂಡು ಬಂದಳು. ಅವತ್ತು ಮೇ 9, ಎಸ್ಸೆಸ್ಸೆಲ್ಸಿ ರಿಸಲ್ಟು. ಅರ್ಧ ದಿನ ಅದರಲ್ಲೇ ಹೋಯಿತು.

ಶ್ರುತಿಯನ್ನು ಮಾತ್ರ ನಾನು ಯೋಚನೆಯೇ ಮಾಡದೆ ಇಟ್ಟೆ. ಪುಸ್ತಕದಲ್ಲಿ ಇದ್ದ ಹಾಗೆ ಎರಡು ಮನೆ, ಕೀಬೋರ್ಡಿನವರ ಭಾಷೆಯಲ್ಲಿ ಡಿ. ಹಾಡು ಸುಮಾರು ಒಂದು ಸ್ಥಾಯಿಯಷ್ಟು, ಅಂದರೆ ಒಂದು 'ಸ'ದಿಂದ ಮೇಲಿನ 'ಸ'ದ ತನಕದಷ್ಟು, ಓಡಾಡುತ್ತದೆ. ಹುಡುಗಿಯರು ಆರಾಮಾಗಿ ಹಾಡಿದರು. ಹುಡುಗರಿಗೆ, "ನಿಮಗೆ ಹೇಗೆ ಬರುತ್ತೋ ಹಾಗೆ, ಮೇಲೋ ಕೆಳಗೋ" ಅಂದೆ. ಯಾರು ಎಲ್ಲಿ ನಿಲ್ಲಬೇಕು ಅಂತ ಎತ್ತರ ನೋಡಿ ತೀರ್ಮಾನ ಮಾಡಿದೆ. ಮೀಸೆ ಚಿಗುರಿದವರು ಹಿಂದೆ, ಉಳಿದವರು ಹುಡುಗಿಯರ ಪಕ್ಕ.

ಮೂರನೇ ದಿನ

ಆ ಹುಡುಗ ಒಂಬತ್ತನೇ ಕ್ಲಾಸಿಗೆ ಹೋಗುವವನು. ಗಿಡ್ಡ, ಮುಖದಲ್ಲಿ ಇನ್ನೂ ಮಗುತನ. ಹಾಗಾಗಿ ಮುಂದಿನ ಸಾಲಿಗೆ ಹಾಕಿದ್ದೆ. ಮೇಲಿನ ಸ್ವರ ಬಂದಾಗಲೆಲ್ಲ ಅವನ ಕಡೆಯಿಂದ ಒಂದು ಕೀರಲು, ತಕ್ಷಣ ಅದರ ಹಿಂದೆಯೇ ಗೊಗ್ಗರು. ಪಕ್ಕದ ಇಬ್ಬರು ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತಿದ್ದರು. ಹುಡುಗಿಯರು ಮೊಣಕೈ ತಿವಿದು ನಗುವುದು ಶುರುವಾಯಿತು. ತಗಡಿನ ಶೀಟು ಕಾದು ಹಾಲ್ ಒಲೆಯಾಗಿತ್ತು, ಕರೆಂಟ್ ಇರಲಿಲ್ಲ. ಬೇಕೆಂದೇ ತರಲೆ ಮಾಡುತ್ತಿದ್ದಾರೆ ಅಂತ ನನಗೆ ಅನಿಸಿತು. ಎರಡು ಸಲ ನಿಲ್ಲಿಸಿ ಬೈದೆ. ಮೂರನೇ ಸಲ ಆ ಮಾತು ಬಾಯಿಂದ ಬಂತು.

ಆ ಮಾತು ನನ್ನದಲ್ಲ. ನಾನು ಹದಿನಾಲ್ಕರಲ್ಲಿದ್ದಾಗ ನಮ್ಮ ಕ್ವಾಯರ್ ಕಲಿಸುತ್ತಿದ್ದವರು ಅದೇ ಮಾತನ್ನು ನನಗೆ ಹೇಳಿದ್ದರು. ಆಮೇಲೆ ನಾನು ನಾಲ್ಕು ವರ್ಷ ಹಾಡಲಿಲ್ಲ, ಹಾರ್ಮೋನಿಯಂ ಹಿಡಿದೆ. ಇದನ್ನು ಬಹಳ ಜನರಿಗೆ ತಮಾಷೆಯಾಗಿ ಹೇಳಿದ್ದೇನೆ ಕೂಡ. ಅಷ್ಟಾದರೂ ಮೂವತ್ತು ವರ್ಷದ ನಂತರ ಅದೇ ವಾಕ್ಯ, ಬಹುಶಃ ಅದೇ ದನಿಯಲ್ಲಿ, ಹೇಗೆ ಹೊರಬಂತೋ ಗೊತ್ತಿಲ್ಲ.

ಶನಿವಾರ ಹುಡುಗ ಬರದಿದ್ದಾಗಲೂ ನನಗೆ ಅರ್ಥವಾಗಲಿಲ್ಲ. ರಜೆ, ನೆಂಟರ ಮನೆಗೆ ಹೋಗಿರಬೇಕು ಅಂದುಕೊಂಡೆ. ಸುಮ್ಮನಿದ್ದ ಇಬ್ಬರನ್ನು ಕರೆದು ಬುದ್ಧಿ ಹೇಳಿದೆ. ಪವಿತ್ರಾತ್ಮರ ಹಬ್ಬಕ್ಕೆ ಹಾಡುವುದು ಅಂದರೆ ಸೇವೆ ಕಣ್ರೋ, ಅಸಡ್ಡೆ ಮಾಡಬಾರದು ಅಂದೆ. "ಹ್ಞೂಂ ಸಾರ್" ಅಂದರು. ಮತ್ತೆ ಹೋಗಿ ತುಟಿ ಅಲ್ಲಾಡಿಸಿದರು.

ಕಣ್ಣು ತೆರೆಸಿದ್ದು ಭಾನುವಾರ. ಅವತ್ತು ಸ್ವರ್ಗಾರೋಹಣದ ಹಬ್ಬ. ಪೂಜೆ ಮುಗಿಸಿ ಹೊರಗೆ ಬರುತ್ತಿದ್ದಾಗ ಹುಡುಗನ ಅಜ್ಜಿ ಸಿಕ್ಕರು. "ಏನಮ್ಮಾ, ಮೊಮ್ಮಗ ಶಿಬಿರಕ್ಕೆ ಬರ್ತಾ ಇಲ್ಲ" ಅಂದೆ. "ಗಂಟ್ಲು ಒಡ್ದೋಗದೆ ಮಾಸ್ಟ್ರೇ. ಮೆಣಸು, ಶುಂಠಿ ಕಷಾಯ ಕೊಡ್ತಾನೇ ಇವ್ನಿ, ವಾಸಿ ಆಗ್ತಿಲ್ಲ. ಮನೇಲಿ ಮಾತೇ ಆಡಕಿಲ್ಲ. ಜಪಸರ ಹೇಳುವಾಗ್ಲೂ ಬಾಯಿ ಮಾತ್ರ ಆಡುಸ್ತನೆ" ಅಂದರು.

ನನ್ನ ಮಾತೇ ಅವನ ಮನೆಯ ತನಕ ಹೋಗಿ ಕೂತಿತ್ತು.

ಗಂಟಲಿನೊಳಗೆ ನಡೆಯುವುದು

ಆ ರಾತ್ರಿ ಬೆಂಗಳೂರಿನಲ್ಲಿ ಮಕ್ಕಳಿಗೆ ಗಾಯನ ಕಲಿಸುವ ಗೆಳೆಯನಿಗೆ ಫೋನ್ ಮಾಡಿದೆ. ಅವನು ಮೊದಲು ಕೇಳಿದ್ದು, "ಅವರ ಸ್ವರ ಅಳೆದಿದ್ದೀಯಾ?" ಅಂತ. ಇಲ್ಲ. "ಮತ್ತೆ ಯಾವ ಧೈರ್ಯದ ಮೇಲೆ ಶ್ರುತಿ ಇಟ್ಟೆ ಮಾರಾಯ?"

ಅವನು ಹೇಳಿದ್ದು, ಆಮೇಲೆ ನಾನು ಓದಿಕೊಂಡದ್ದು ಸೇರಿಸಿ ಬರೆಯುತ್ತೇನೆ. ಹರೆಯ ಬಂದಾಗ ಗಂಟಲಿನ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ. ಒಳಗಿನ ಧ್ವನಿತಂತುಗಳು ಹುಡುಗಿಯರಲ್ಲಿ ಮೂರನೇ ಒಂದು ಭಾಗದಷ್ಟು ಉದ್ದ ಬೆಳೆದರೆ ಹುಡುಗರಲ್ಲಿ ಹತ್ತಿರ ಹತ್ತಿರ ಅರವತ್ತು ಪರ್ಸೆಂಟು ಬೆಳೆಯುತ್ತವೆ. ತಂತಿ ಉದ್ದವಾಗಿ ದಪ್ಪವಾದರೆ ಸ್ವರ ಇಳಿಯಲೇಬೇಕು ಅಲ್ವಾ? ಹುಡುಗರ ಧ್ವನಿ ಸುಮಾರು ಒಂದು ಸ್ಥಾಯಿ ಇಳಿಯುತ್ತದೆ. ಹುಡುಗಿಯರದೂ ಎರಡು ಮೂರು ಸ್ವರ ಇಳಿಯುತ್ತದೆ. ಕೆಲವು ದಿನ ಅವರ ದನಿಯಲ್ಲಿ ಬರೀ ಗಾಳಿ ಜಾಸ್ತಿ ಬರುತ್ತದೆ, ಆದರೆ ಯಾರೂ ನಗುವಷ್ಟು ಎದ್ದು ಕಾಣುವುದಿಲ್ಲ.

ಇದು ಒಂದೇ ರಾತ್ರಿಯಲ್ಲಿ ಆಗುವುದಿಲ್ಲ. ಅಮೆರಿಕದ ಸಂಗೀತ ಶಿಕ್ಷಕ ಜಾನ್ ಕೂಕ್ಸಿ 1970ರ ದಶಕದಲ್ಲಿ ಇದನ್ನು ಹಂತ ಹಂತವಾಗಿ ಗುರುತಿಸಿ, ಯಾವ ಹಂತದಲ್ಲಿ ಎಷ್ಟು ಸ್ವರ ಕೈಗೆ ಸಿಗುತ್ತದೆ ಅಂತ ಬರೆದಿಟ್ಟರು. ಮೊದಲು ಹೋಗುವುದು ಮೇಲಿನ ಸ್ವರ. ಕೆಳಗಿನದು ನಿಧಾನಕ್ಕೆ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ಓಡಾಡುವುದಕ್ಕೆ ಸಿಗುವ ಜಾಗ ಕಡಿಮೆ, ಅದರಲ್ಲೂ ಆರಾಮಾಗಿ ಹಾಡಬಹುದಾದ ಸ್ವರ ನಾಲ್ಕೋ ಐದೋ. ವಯಸ್ಸು, ಎತ್ತರ, ಮೀಸೆ ನೋಡಿ ಇದನ್ನು ಊಹಿಸುವುದಕ್ಕೆ ಆಗುವುದಿಲ್ಲ.

ನಾನಿಟ್ಟ ಎರಡು ಮನೆ ಶ್ರುತಿಯಲ್ಲಿ ಚಿಕ್ಕ ಹುಡುಗರು ಹುಡುಗಿಯರ ಜೊತೆ ಮೇಲೆ ಹಾಡುತ್ತಾರೆ. ಪೂರ್ತಿ ಒಡೆದು ನೆಲೆ ನಿಂತ ದೊಡ್ಡವರು ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ನಡುವಿನವರಿಗೆ ಮೇಲಿನದು ಎಟುಕದು, ಕೆಳಗಿನದು ಇನ್ನೂ ಬಂದಿಲ್ಲ. ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನ ಹಾಗೆ. "ಮೇಲೋ ಕೆಳಗೋ ಹೇಗಾದರೂ ಹಾಡಿ" ಅಂದಾಗ ಅವರಿಗೆ ಎರಡೂ ಇಲ್ಲದ ಆಯ್ಕೆ ಕೊಟ್ಟಿದ್ದೆ. ಕೀರಲು, ಗೊಗ್ಗರು ಬಂದದ್ದು ತರಲೆಯಿಂದಲ್ಲ. ಪ್ರಾಮಾಣಿಕವಾಗಿ ಪ್ರಯತ್ನ ಪಟ್ಟದ್ದರಿಂದ.

ಇದರಲ್ಲಿ ನಾನೊಬ್ಬನೇ ಅಲ್ಲ ಅನ್ನುವುದು ಸಣ್ಣ ಸಮಾಧಾನ. ವಿಯೆನ್ನಾದ ಸಂತ ಸ್ಟೀಫನರ ಮಹಾದೇವಾಲಯದ ಕ್ವಾಯರಿನಿಂದ 1749ರಲ್ಲಿ ಒಬ್ಬ ಹುಡುಗನನ್ನು ಧ್ವನಿ ಒಡೆಯಿತು ಅಂತ ಹೊರಗೆ ಕಳಿಸಿದರು. ಅವನೇ ಮುಂದೆ ದೊಡ್ಡ ಸಂಗೀತ ರಚನೆಕಾರನಾದ ಯೋಸೆಫ್ ಹೈಡನ್. ಆಗ ಅವನಿಗೆ 17 ವರ್ಷ. ಇವತ್ತಿನ ನಮ್ಮ ಹುಡುಗರಿಗೆ ಹನ್ನೆರಡು ಹದಿಮೂರಕ್ಕೇ ಶುರುವಾಗುತ್ತದೆ. ಆ ಕಾಲದ ಕ್ವಾಯರ್ ಮಾಸ್ತರರಿಗೆ ಸಿಗುತ್ತಿದ್ದ ನಾಲ್ಕು ವರ್ಷ ನಮಗೆ ಸಿಗುವುದಿಲ್ಲ.

ಅಳತೆ

ಸೋಮವಾರ ಬೆಳಗ್ಗೆ ಹಾಡು ನಿಲ್ಲಿಸಿದೆ. ಹುಡುಗಿಯರನ್ನು ಸಿಸ್ಟರ್ ಜೊತೆ ಆಟಕ್ಕೆ ಕಳಿಸಿ, ಹುಡುಗರನ್ನು ಒಬ್ಬೊಬ್ಬರಾಗಿ ಸ್ಯಾಕ್ರಿಸ್ಟಿ (ಪೂಜಾ ಸಾಮಗ್ರಿ ಇಡುವ ಕೋಣೆ) ಪಕ್ಕದ ಕೋಣೆಗೆ ಕರೆದೆ. ಎಲ್ಲರ ಮುಂದೆ ಹಾಡಿಸಿದ್ದರೆ ಮತ್ತೊಂದು ಅನಾಹುತ ಆಗುತ್ತಿತ್ತು.

ಗೆಳೆಯ ಹೇಳಿಕೊಟ್ಟ ಉಪಾಯ ಸರಳ. ಹಾಡು ಅನ್ನಬಾರದು. ಇಪ್ಪತ್ತರಿಂದ ಹಿಂದಕ್ಕೆ ಎಣಿಸು ಅನ್ನಬೇಕು. ಎಣಿಸುವಾಗ ಅವನ ಮಾತು ಯಾವ ಸ್ವರದ ಸುತ್ತ ನಿಲ್ಲುತ್ತದೆ ಅಂತ ಹಾರ್ಮೋನಿಯಂನಲ್ಲಿ ಹುಡುಕಬೇಕು. ಅವನು ಹಾಡಬಲ್ಲ ತೀರಾ ಕೆಳಗಿನ ಸ್ವರ ಸಾಮಾನ್ಯವಾಗಿ ಅದಕ್ಕಿಂತ ಎರಡು ಮೂರು ಅರ್ಧ ಮನೆ ಕೆಳಗೆ ಇರುತ್ತದೆ. ಅಲ್ಲಿಂದ ಮೇಲಕ್ಕೆ 'ಊ' ಅಂತ ಬಸ್ಸು ಗೇರು ಏರಿಸಿದ ಹಾಗೆ ಜಾರಿಸಿಕೊಂಡು ಹೋಗಬೇಕು. ಎಲ್ಲಿ ಒಡೆಯುತ್ತದೋ ಅಲ್ಲಿ ಗೆರೆ. ಒಬ್ಬರಿಗೆ ಐದು ನಿಮಿಷ ಸಾಕು. ನಾಚಿಕೆಯ ಹುಡುಗರೂ ಬಸ್ಸಿನ ಸದ್ದು ಅಂದರೆ ಮಾಡುತ್ತಾರೆ.

ಬಂದಿದ್ದ 12 ಹುಡುಗರಲ್ಲಿ ನಾಲ್ವರ ಧ್ವನಿ ಇನ್ನೂ ಒಡೆಯಲು ಶುರುವಾಗಿರಲಿಲ್ಲ. ಮೂವರದು ನೆಲೆ ನಿಂತಿತ್ತು. ಐವರು ನಡುವಿನಲ್ಲಿ. ನಾನು ಹಿಂದಿನ ಸಾಲಿಗೆ ಹಾಕಿದ್ದ ಆರಡಿ ಹುಡುಗನದು ಈಗಷ್ಟೇ ಶುರು. ಮುಂದಿನ ಸಾಲಿನ ಪುಟ್ಟ ಹುಡುಗನೊಬ್ಬನ ಧ್ವನಿ ಆಗಲೇ ಪೂರ್ತಿ ಇಳಿದಿತ್ತು, ಪಾಪ, ಅವನು ಕಳ್ಳದನಿಯಲ್ಲಿ ಮೇಲೆ ಹಾಡುತ್ತಿದ್ದ. ಎತ್ತರ ನೋಡಿ ನಾನು ಮಾಡಿದ್ದ ಸಾಲಿನಲ್ಲಿ ಐದು ಜನ ತಪ್ಪು ಜಾಗದಲ್ಲಿದ್ದರು.

ಎಲ್ಲವನ್ನೂ ಒಂದು ಚಾರ್ಟಿನಲ್ಲಿ ಬರೆದೆ. ಹೆಸರಿನ ಮುಂದೆ ಕೆಳಗಿನ ಸ್ವರ, ಮೇಲಿನ ಸ್ವರ, ತಾರೀಖು. ತಾರೀಖು ಯಾಕೆ ಸಾರ್ ಅಂತ ಒಬ್ಬ ಕೇಳಿದ. ಮುಂದಿನ ತಿಂಗಳು ಬದಲಾಗಿರುತ್ತೆ ಕಣೋ, ಎತ್ತರ ಅಳೆದ ಹಾಗೆ ಅಂದೆ. ಆ ಮಾತಿಗೆ ಅವನ ಮುಖ ಅರಳಿತು. ತನಗೇನೋ ಕೆಟ್ಟುಹೋಗಿದೆ ಅಂದುಕೊಂಡಿದ್ದವನಿಗೆ ಬೆಳೆಯುತ್ತಿದ್ದೇನೆ ಅಂತ ಗೊತ್ತಾದ ಮುಖ ಅದು.

ಹಾಡನ್ನು ಬಿಚ್ಚಿ ಕಟ್ಟಿದ್ದು

ಶ್ರುತಿ ಬದಲಾಯಿಸಿದರೆ ಸಾಕು ಅಂದುಕೊಂಡಿದ್ದೆ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇದೆಯಲ್ಲ. ಆದರೆ ಒಂದು ಸ್ಥಾಯಿ ಓಡಾಡುವ ಹಾಡನ್ನು ಎಲ್ಲಿಗೆ ಎಳೆದರೂ ಆ ಐವರಲ್ಲಿ ಒಬ್ಬರೋ ಇಬ್ಬರೋ ಹೊರಗೆ ಬೀಳುತ್ತಿದ್ದರು.

ದಾರಿ ಸಿಕ್ಕಿದ್ದು ಹಾಡಿನೊಳಗೇ. ಈ ಸೀಕ್ವೆನ್ಸಿನ ಹತ್ತು ಚರಣಗಳು ಜೋಡಿ ಜೋಡಿಯಾಗಿವೆ. ಒಂದು ಎರಡಕ್ಕೆ ಒಂದು ಧಾಟಿ, ಮೂರು ನಾಲ್ಕಕ್ಕೆ ಇನ್ನೊಂದು, ಹೀಗೆ ಐದು ಧಾಟಿ. ಎರಡು ಗುಂಪು ಎದುರುಬದುರು ನಿಂತು ಒಬ್ಬರಾದ ಮೇಲೆ ಒಬ್ಬರು ಹಾಡಲಿ ಅಂತಲೇ ಇರುವ ಕಟ್ಟಡ ಅದು. ಎಲ್ಲರೂ ಎಲ್ಲವನ್ನೂ ಹಾಡಬೇಕು ಅನ್ನುವುದು ನಾನೇ ಹಾಕಿಕೊಂಡ ನಿಯಮ. ಅದನ್ನು ಬಿಟ್ಟೆ. ಹುಡುಗಿಯರು ಮತ್ತು ನಾಲ್ವರು ಚಿಕ್ಕವರು ಒಂದು ಚರಣ, ಧ್ವನಿ ನಿಂತ ಮೂವರು ಕೆಳಗೆ ಮರುಚರಣ. ಮೂವರೇ ಸಾಲದು ಅಂತ ಹಳೆಯ ಕ್ವಾಯರಿನ ಇಬ್ಬರು ಅಣ್ಣಂದಿರು ಕೂಡಿಕೊಂಡರು.

ನಡುವಿನವರಿಗೆ? ಎರಡು ಮನೆಯ ಶ್ರುತಿಗೆ ಮಂದ್ರದ ಪಂಚಮ, ಅಂದರೆ ಕೆಳಗಿನ ಸ್ಥಾಯಿಯ 'ಪ', ಆ ಐವರ ಅಳತೆಗೂ ಸರಿಯಾಗಿ ನಡುವಿನಲ್ಲಿ ಬರುತ್ತಿತ್ತು. ತಂಬೂರಿಯಲ್ಲಿ ಮೊದಲು ಮೀಟುವ ತಂತಿ ಅದು. ಮೊದಲ ಆರು ಚರಣಕ್ಕೆ ಅವರು ಆ ಪಂಚಮ ಹಿಡಿದು ನಿಲ್ಲುವುದು, ಉಸಿರು ಬದಲಾಯಿಸಿಕೊಂಡು, ಸದ್ದು ಕಡಿಯದ ಹಾಗೆ. ಕೊನೆಯ ನಾಲ್ಕಕ್ಕೆ ಮಂದ್ರದ ಪ, ದ, ನಿ, ಅಲ್ಲಿಂದ ಸ, ರಿ, ಈ ಐದೇ ಸ್ವರದಲ್ಲಿ ಒಂದು ಬೇರೆ ಸಾಲು ಬರೆದುಕೊಟ್ಟೆ. ದೊಡ್ಡ ಸಂಗೀತವೇನಲ್ಲ. ಆದರೆ ಐದು ಸ್ವರವೂ ಅವರ ಕೈಯಳತೆಯಲ್ಲಿದ್ದವು.

ಎಲ್ಲವೂ ಚೆನ್ನಾಗಿ ನಡೆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮೌನವಾಗಿದ್ದ ಇಬ್ಬರಲ್ಲಿ ಒಬ್ಬ, "ನಾನೇನು ಶ್ರುತಿಪೆಟ್ಟಿಗೆನಾ ಸಾರ್?" ಅಂದ. ಪ್ರಶ್ನೆ ನ್ಯಾಯವಾದದ್ದೇ. ಮಿಕ್ಕವರು ಮಾತು ಹಾಡುವಾಗ ಇವನಿಗೆ ಬರೀ 'ಆ'. ನಾನು ವಾದ ಮಾಡಲಿಲ್ಲ. ಮಧ್ಯದಲ್ಲಿ ಪಂಚಮ ನಿಲ್ಲಿಸಿ ಅಂತ ಸನ್ನೆ ಮಾಡಿದೆ. ಹುಡುಗಿಯರ ಶ್ರುತಿ ಎರಡೇ ಚರಣದಲ್ಲಿ ಜಾರಿತು. ಹಾಲ್ ಹೇಗೆ ಖಾಲಿ ಅನಿಸಿತು ಅಂತ ಎಲ್ಲರಿಗೂ ಕೇಳಿಸಿತು. ಅವನು ಏನೂ ಹೇಳಲಿಲ್ಲ, ಮತ್ತೆ ಹಿಡಿದ. ಒಪ್ಪಿದ ಅಂತ ಹೇಳಲಾರೆ. ಊಟದ ಹೊತ್ತಿಗೆ ಚಿತ್ರಾನ್ನ ತಿನ್ನುತ್ತಾ, "ಮುಂದಿನ ಸಲ ಮಾತಿರೋ ಸಾಲು ಕೊಡಬೇಕು" ಅಂತ ಕರಾರು ಹಾಕಿದ.

ಹುಡುಗಿಯರ ನಗು ನಿಲ್ಲಿಸುವುದಕ್ಕೆ ನಾನು ಭಾಷಣ ಮಾಡಲಿಲ್ಲ. ಅವರನ್ನೂ ಅಳೆದೆ. ತಮ್ಮಲ್ಲೇ ನಾಲ್ಕು ಜನರ ದನಿಯಲ್ಲಿ ಗಾಳಿ ಸೋರುತ್ತಿದೆ, ಅದೂ ಇದೇ ಕಾರಣಕ್ಕೆ ಅಂತ ಗೊತ್ತಾದ ಮೇಲೆ ಮೊಣಕೈ ತಿವಿತ ತಾನಾಗೇ ಕಡಿಮೆಯಾಯಿತು.

ಮೇ 19

ಪೂಜೆ ಎಂಟಕ್ಕೆ. ಫಾದರ್ ಕೆಂಪು ಪೂಜಾವಸ್ತ್ರದಲ್ಲಿದ್ದರು. ಎರಡನೇ ವಾಚನ ಮುಗಿಯಿತು, ಅರ್ಥ ಓದಿದ್ದಾಯಿತು, ಹುಡುಗರ ಪಂಚಮ ಮೊದಲು ಎದ್ದಿತು. ಮೂರನೇ ಚರಣದಲ್ಲಿ ಒಬ್ಬನ ದನಿ ಒಡೆಯಿತು. ಉಳಿದ ನಾಲ್ವರು ಹಿಡಿದಿದ್ದರಿಂದ ಜನರಿಗೆ ಗೊತ್ತಾಗಲಿಲ್ಲ. ಮುಂದೊಂದು ಚರಣದಲ್ಲಿ ಹುಡುಗಿಯರು ಅವಸರಪಟ್ಟು ಹಾಡನ್ನು ಓಡಿಸಿದರು. ಕೊನೆಯ ಆಮೆನ್, ಅಲ್ಲೆಲೂಯ ಚೆನ್ನಾಗಿ ಬಂತು. ಇಷ್ಟೇ. ಅಜ್ಜಿಯರು ಕಣ್ಣೊರೆಸಿಕೊಂಡರು ಅಂತ ಆಮೇಲೆ ಯಾರೋ ಹೇಳಿದರು, ನಾನು ನೋಡಲಿಲ್ಲ. ನಾನು ನೋಡುತ್ತಿದ್ದದ್ದು ಎಡಗಡೆಯ ನಾಲ್ಕನೇ ಬೆಂಚು. ಆ ಹುಡುಗ ಅಜ್ಜಿಯ ಪಕ್ಕ ಕೂತಿದ್ದ.

ಅವನ ಮನೆಗೆ ನಾನು ಆ ವಾರ ಎರಡು ಸಲ ಹೋಗಿದ್ದೆ. ಮೊದಲ ಸಲ ಹಿತ್ತಲಲ್ಲೇ ಉಳಿದ. ಎರಡನೇ ಸಲ ಎದುರು ಬಂದು ಕೂತ. ತಪ್ಪು ನನ್ನದು, ಶ್ರುತಿ ಇಟ್ಟವನು ನಾನು ಅಂತ ಹೇಳಿದೆ. ಅವನ ಗಂಟಲಲ್ಲಿ ನಡೆಯುತ್ತಿರುವುದನ್ನೂ ವಿವರಿಸಿದೆ. ಅಜ್ಜಿಗೆ ಕಷಾಯ ನಿಲ್ಲಿಸಬಹುದು ಅಂದೆ. ಅಷ್ಟನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡ. "ಪರವಾಗಿಲ್ಲ ಸಾರ್" ಅಂದ, ಬಹಳ ಮೆಲ್ಲಗೆ. ಇಪ್ಪತ್ತರಿಂದ ಹಿಂದಕ್ಕೆ ಎಣಿಸ್ತೀಯಾ ಅಂತ ಕೇಳಿದ್ದಕ್ಕೆ ಇಲ್ಲ ಅಂತ ತಲೆ ಆಡಿಸಿದ.

ಜೂನ್ ಕೊನೆಗೆ ಮತ್ತೆ ಎಲ್ಲರನ್ನೂ ಅಳೆದೆ. ಐವರಲ್ಲಿ ಮೂವರು ಇನ್ನೂ ಕೆಳಗೆ ಇಳಿದಿದ್ದರು. ಕರಾರು ಹಾಕಿದ ಹುಡುಗನಿಗೆ ಈಗ ಮಾತಿರುವ ಸಾಲು ಇದೆ, ತಪ್ಪಿಲ್ಲದೆ ಭಾನುವಾರ ಬರುತ್ತಾನೆ. ಚಾರ್ಟು ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ. ಹದಿಮೂರು ಹೆಸರಿದೆ. ಹನ್ನೆರಡು ಹೆಸರಿನ ಮುಂದೆ ಎರಡೆರಡು ತಾರೀಖು. ಒಂದರ ಮುಂದೆ ಏನೂ ಬರೆದಿಲ್ಲ.